ಭಾಷೆ ಬಲ್ಲವರು ಮತ್ತು ಭಾಷೆ ಕಲಿಸುವವರು: ಅಮೆರಿಕದ ವಿಶ್ವಭಾಷಾ ಅಧ್ಯಾಪಕರ ಸ್ನಾತಕೋತ್ತರ ತರಬೇತಿ ಮತ್ತು ಪರವಾನಗಿ

ಶಾಲೆಯೊಂದಕ್ಕೆ ಭಾಷಾ ಅಧ್ಯಾಪಕರನ್ನು ನೇಮಿಸುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಅಭ್ಯರ್ಥಿಗೆ ಆ ಭಾಷೆ ಚೆನ್ನಾಗಿ ಬರುತ್ತದೆಯೇ? ಅದನ್ನು ಮಕ್ಕಳಿಗೆ ಕಲಿಸುವ ಕ್ರಮ ತಿಳಿದಿದೆಯೇ? ಅವರು ತರಗತಿಯಲ್ಲಿ ಕಲಿಸಿದುದನ್ನು ಅನುಭವಿಗಳು ಕಣ್ಣಾರೆ ಕಂಡು ಒಪ್ಪಿದ್ದಾರೆಯೇ? ಇವು ಬೇರೆ ಬೇರೆ ಪ್ರಶ್ನೆಗಳು. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಿಕೊಳ್ಳಲಾಗದು. ಆದರೂ ಒಂದು ಪದವಿಪತ್ರವನ್ನೇ ಮೂರಕ್ಕೂ ಉತ್ತರವೆಂದು ಸ್ವೀಕರಿಸುವುದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿದೆ.

ಈ ವಾಡಿಕೆಯ ಫಲವನ್ನು ಗಡಿಯಾಚೆಯ ಕನ್ನಡ ಶಾಲೆಗಳು ಬಲ್ಲವು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡು, ಹೆತ್ತವರೂ ಮಕ್ಕಳೂ ಪ್ರತಿಭಟಿಸಿ, ವಿವಾದವು ನ್ಯಾಯಾಲಯದವರೆಗೆ ಹೋದ ಪ್ರಸಂಗಗಳು ನಡೆದಿವೆ. ಅಂತಹ ಸಂದರ್ಭದಲ್ಲಿ ಅಧ್ಯಾಪಕರ ಪದವಿಯಲ್ಲಾಗಲಿ ತರಬೇತಿಯಲ್ಲಾಗಲಿ ಕೊರತೆ ಇರುವುದಿಲ್ಲ. ಕೊರತೆ ಇರುವುದು ಮೊದಲ ಪ್ರಶ್ನೆಯನ್ನು ಯಾರೂ ಕೇಳದಿರುವುದರಲ್ಲಿ. ಇದಕ್ಕೆ ವಿರುದ್ಧವಾದ ಇನ್ನೊಂದು ಸ್ಥಿತಿಯೂ ಉಂಟು. ಕನ್ನಡದಲ್ಲಿ ಒಳ್ಳೆಯ ವಿದ್ವತ್ತುಳ್ಳ ಅಧ್ಯಾಪಕರೊಬ್ಬರು ಮನೆಯಲ್ಲಿ ತುಳು, ಮರಾಠಿ, ತೆಲುಗು ಅಥವಾ ಲಂಬಾಣಿ ಆಡುವ ಮಕ್ಕಳ ಮುಂದೆ ನಿಂತಾಗ, ಎಲ್ಲಿಂದ ಪ್ರಾರಂಭಿಸಬೇಕೆಂದು ತಿಳಿಯದೆ ಪಾಠವನ್ನು ಓದಿ ಅರ್ಥ ಹೇಳುವುದರಲ್ಲಿಯೇ ವರ್ಷ ಕಳೆಯುವುದುಂಟು.

ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ, ಬೇರೆ ಬೇರೆಯಾಗಿ ಅಳೆದು ನೋಡುವ ಒಂದು ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದಿದೆ. ಅಲ್ಲಿ ‘ವಿಶ್ವಭಾಷೆ’ಗಳನ್ನು ಕಲಿಸುವ ಅಧ್ಯಾಪಕರಿಗೆ ಪರವಾನಗಿ ಬೇಕು, ಆ ಪರವಾನಗಿಗೆ ಸಿದ್ಧಗೊಳಿಸುವ ಸ್ನಾತಕೋತ್ತರ ತರಬೇತಿ ವಿಶ್ವವಿದ್ಯಾಲಯಗಳಲ್ಲಿದೆ. ಅಲ್ಲಿನ ಸ್ಪ್ಯಾನಿಷ್ ಅಥವಾ ಚೀನೀ ಭಾಷೆಯ ತರಗತಿಗೂ ಸೊಲ್ಲಾಪುರದ ಕನ್ನಡ ತರಗತಿಗೂ ಅಂತರ ಬಹಳ. ಆದರೆ ಒಂದು ಸಾಮ್ಯವಿದೆ: ಶಾಲೆಯ ಗೇಟು ದಾಟಿದೊಡನೆ ಬೀದಿಯ ಫಲಕ, ಅಂಗಡಿ, ಕಚೇರಿ ಎಲ್ಲವೂ ಬೇರೊಂದು ಭಾಷೆಯವು. ಕಲಿಯುವ ಭಾಷೆಗೆ ತರಗತಿಯೇ ಮುಖ್ಯ ಆಸರೆ. ಆದುದರಿಂದ ಆ ತರಬೇತಿಯ ಸ್ವರೂಪವನ್ನು ಅರಿಯುವುದು ಗಡಿನಾಡಿನ ಅಧ್ಯಾಪಕರಿಗೆ ಉಪಯುಕ್ತ.

‘ವಿದೇಶಿ’ ಹೋಗಿ ‘ವಿಶ್ವ’ ಬಂದ ಬಗೆ

1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ವಿಜ್ಞಾನದಲ್ಲಿ ಮಾತ್ರವಲ್ಲದೆ ಭಾಷೆಗಳ ಕಲಿಕೆಯಲ್ಲಿಯೂ ತಾನು ಹಿಂದುಳಿದಿರುವೆನೆಂಬ ಆತಂಕ ಅಮೆರಿಕವನ್ನು ಆವರಿಸಿತು. 1958ರಲ್ಲಿ ಬಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯು ಗಣಿತ ಮತ್ತು ವಿಜ್ಞಾನದ ಜೊತೆಗೆ ಭಾಷಾಬೋಧನೆಗೂ ಹಣ ಒದಗಿಸಿತು. ಭಾಷಾ ಅಧ್ಯಾಪಕರಿಗಾಗಿ ವಿಶೇಷ ತರಬೇತಿ ಶಿಬಿರಗಳು ನಡೆದವು. 1967ರಲ್ಲಿ ವಿದೇಶಿ ಭಾಷೆಗಳ ಬೋಧನೆಗಾಗಿ ರಾಷ್ಟ್ರಮಟ್ಟದ ಮಂಡಳಿಯೊಂದು ಸ್ಥಾಪನೆಗೊಂಡಿತು. ಆಕ್ಟ್‌ಫಲ್ ಎಂಬ ಕಿರುಹೆಸರಿನಿಂದ ಪ್ರಸಿದ್ಧವಾದ ಈ ಮಂಡಳಿಯೇ ಇಂದು ಅಲ್ಲಿನ ಭಾಷಾಬೋಧನೆಯ ಮಾನದಂಡಗಳನ್ನು ರೂಪಿಸುತ್ತಿದೆ.

ಕಾಲಕ್ರಮದಲ್ಲಿ ‘ವಿದೇಶಿ ಭಾಷೆ’ ಎಂಬ ಹೆಸರೇ ಪ್ರಶ್ನೆಗೊಳಗಾಯಿತು. ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಆ ಮನೆಗಳಿಂದ ಬರುವ ಮಗುವಿಗೆ ಅದು ವಿದೇಶದ ಭಾಷೆಯಾಗುವುದು ಹೇಗೆ? ಹೀಗಾಗಿ ಅನೇಕ ರಾಜ್ಯಗಳು ‘ವಿಶ್ವಭಾಷೆಗಳು’ ಎಂಬ ಹೆಸರನ್ನು ಸ್ವೀಕರಿಸಿದವು. ಮೆಸಾಚುಸೆಟ್ಸ್ ರಾಜ್ಯದ 1999ರ ಪಠ್ಯಕ್ರಮ ಚೌಕಟ್ಟಿನ ಶೀರ್ಷಿಕೆಯಲ್ಲಿ ‘ವಿದೇಶಿ ಭಾಷೆಗಳು’ ಎಂದಿದ್ದುದು 2021ರ ಚೌಕಟ್ಟಿನಲ್ಲಿ ‘ವಿಶ್ವಭಾಷೆಗಳು’ ಎಂದಾಯಿತು. ತಲೆಮಾರುಗಳಿಂದ ಒಂದೇ ನೆಲದಲ್ಲಿ ನೆಲೆಸಿಯೂ ತಮ್ಮ ನುಡಿಯನ್ನು ‘ಹೊರಗಿನದು’ ಎಂದು ಕರೆಸಿಕೊಂಡಿರುವ ಗಡಿನಾಡಿನ ಕನ್ನಡಿಗರಿಗೆ ಈ ಹೆಸರಿನ ಬದಲಾವಣೆಯ ತೂಕ ಸುಲಭವಾಗಿ ತಿಳಿದೀತು.

ಪರವಾನಗಿ ಕೊಡುವವರು ಯಾರು?

ಅಮೆರಿಕದಲ್ಲಿ ಶಾಲಾಶಿಕ್ಷಣ ರಾಜ್ಯಗಳ ಹೊಣೆ. ಆದುದರಿಂದ ಅಧ್ಯಾಪಕರ ಪರವಾನಗಿಯನ್ನು ಆಯಾ ರಾಜ್ಯವೇ ನೀಡುತ್ತದೆ. ನಿಯಮಗಳೂ ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಪರವಾನಗಿಯು ನಿರ್ದಿಷ್ಟ ವಿಷಯಕ್ಕೆ ಸಂಬಂಧಿಸಿರುತ್ತದೆ. ವಿಶ್ವಭಾಷೆಗಳಲ್ಲಿ ಅದು ನಿರ್ದಿಷ್ಟ ಭಾಷೆಗೇ ಸಂಬಂಧಿಸಿರುವುದು ಸಾಮಾನ್ಯ. ಫ್ರೆಂಚ್ ಕಲಿಸಲು ಅರ್ಹತೆ ಪಡೆದವರು ಅದೇ ಆಧಾರದಿಂದ ಜರ್ಮನ್ ಕಲಿಸಲಾಗದು.

ಹಲವು ರಾಜ್ಯಗಳಲ್ಲಿ ಪರವಾನಗಿಗೆ ಎರಡು ಹಂತಗಳಿವೆ. ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲು ದೊರೆಯುವ ಪ್ರಾರಂಭಿಕ ಪ್ರಮಾಣಪತ್ರ 5 ವರ್ಷ ಊರ್ಜಿತ. ಮುಂದಿನ ವೃತ್ತಿಪರ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ ಅವಶ್ಯ. ಆದುದರಿಂದ ಸ್ಪ್ಯಾನಿಷ್‌ನಲ್ಲಿಯೋ ಫ್ರೆಂಚ್‌ನಲ್ಲಿಯೋ ಪದವಿ ಪಡೆದ ಅನೇಕರು ಅಧ್ಯಾಪನಕ್ಕೆ ಪ್ರವೇಶಿಸುವಾಗಲೇ ಸ್ನಾತಕೋತ್ತರ ತರಬೇತಿಯನ್ನು ಆರಿಸಿಕೊಳ್ಳುತ್ತಾರೆ. ಬೇರೆ ದೇಶದಿಂದ ಬಂದು ಅಲ್ಲಿ ನೆಲೆಸಿದ, ಮಾತೃಭಾಷೆಯನ್ನು ಕಲಿಸಬಯಸುವ ವಿದ್ಯಾವಂತರೂ ಇದೇ ದಾರಿ ಹಿಡಿಯುವುದುಂಟು.

‘ಅಧ್ಯಾಪನದಲ್ಲಿ ಎಂ.ಎ.’ ಎಂಬ ಈ ಬಗೆಯ ಪದವಿಯನ್ನು 1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಕ್ಷ ಜೇಮ್ಸ್ ಬ್ರಯಂಟ್ ಕೊನಂಟ್ ಅವರು ಪ್ರಾರಂಭಿಸಿದರು. ವಿಷಯವನ್ನು ಬೋಧಿಸುವ ವಿಭಾಗ ಒಂದು ಕಡೆ, ಶಿಕ್ಷಣಶಾಸ್ತ್ರದ ವಿಭಾಗ ಇನ್ನೊಂದು ಕಡೆ ಎಂಬ ಬೇರ್ಪಾಡನ್ನು ತೊಡೆದು, ಇಬ್ಬರೂ ಸೇರಿ ಒಬ್ಬ ಅಧ್ಯಾಪಕನನ್ನು ರೂಪಿಸಬೇಕೆಂಬುದು ಅದರ ಉದ್ದೇಶ. ಇಂದು ಇಂತಹ ತರಬೇತಿ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷಗಳದು. ಅದರೊಳಗೆ ಭಾಷೆಯ ಅಳತೆ, ವಿಧಾನದ ಅಧ್ಯಯನ, ತರಗತಿಯ ಅಭ್ಯಾಸ ಎಂಬ ಮೂರು ಎಳೆಗಳು ಹೆಣೆದುಕೊಂಡಿರುತ್ತವೆ.

ಮೊದಲ ಅಳತೆ: ಆಡುವ ಭಾಷೆ

ಅಧ್ಯಾಪಕರಿಗೆ ಭಾಷೆ ಬರುತ್ತದೆಯೇ ಎಂಬುದನ್ನು ಅಂಕಪಟ್ಟಿ ನೋಡಿ ತೀರ್ಮಾನಿಸದೆ ಮಾತನಾಡಿಸಿ ತೀರ್ಮಾನಿಸುವುದು ಈ ಪದ್ಧತಿಯ ವಿಶೇಷ. ಆಕ್ಟ್‌ಫಲ್ ಮಂಡಳಿಯು 1986ರಲ್ಲಿ ಪ್ರಕಟಿಸಿ ಬಳಿಕ ಹಲವು ಬಾರಿ ಪರಿಷ್ಕರಿಸಿದ ಪ್ರಾವೀಣ್ಯ ಮಾರ್ಗಸೂಚಿಯಲ್ಲಿ ಈಗ ಐದು ಹಂತಗಳಿವೆ: ಆರಂಭಿಕ, ಮಧ್ಯಮ, ಉನ್ನತ, ಶ್ರೇಷ್ಠ, ವಿಶಿಷ್ಟ. ಮೊದಲ ಮೂರು ಹಂತಗಳಲ್ಲಿ ಪ್ರತಿಯೊಂದಕ್ಕೂ ಕೆಳ, ನಡು, ಮೇಲು ಎಂಬ ಮೆಟ್ಟಿಲುಗಳಿವೆ.

ಹಂತಗಳ ವ್ಯತ್ಯಾಸ ಪದಗಳ ಸಂಖ್ಯೆಯಲ್ಲಿಲ್ಲ. ಭಾಷೆಯಿಂದ ಏನು ಮಾಡಬಲ್ಲರು ಎಂಬುದರಲ್ಲಿದೆ. ಕಂಠಪಾಠ ಮಾಡಿದ ಪದಗಳನ್ನೂ ನುಡಿಗಟ್ಟುಗಳನ್ನೂ ಹೇಳಬಲ್ಲವರು ಆರಂಭಿಕ ಹಂತದವರು. ತಮ್ಮದೇ ವಾಕ್ಯ ಕಟ್ಟಿ, ಪ್ರಶ್ನೆ ಕೇಳಿ, ಉತ್ತರ ಕೊಟ್ಟು ದಿನದ ವ್ಯವಹಾರ ನಡೆಸಬಲ್ಲವರು ಮಧ್ಯಮ ಹಂತದವರು. ನಡೆದುದನ್ನು, ನಡೆಯುತ್ತಿರುವುದನ್ನು, ನಡೆಯಲಿರುವುದನ್ನು ಒಂದಕ್ಕೊಂದು ಹೊಂದಿಕೊಂಡ ವಾಕ್ಯಗಳಲ್ಲಿ ವಿವರಿಸಿ, ಅನಿರೀಕ್ಷಿತ ತೊಡಕು ಬಂದರೂ ಮಾತಿನಿಂದಲೇ ನಿಭಾಯಿಸಬಲ್ಲವರು ಉನ್ನತ ಹಂತದವರು.

ಮೌಖಿಕ ಪರೀಕ್ಷೆಯು 20ರಿಂದ 30 ನಿಮಿಷಗಳ ಸಂಭಾಷಣೆ. ಅದಕ್ಕೆ ನಿಗದಿತ ಪ್ರಶ್ನಪತ್ರಿಕೆ ಇಲ್ಲ. ಪರೀಕ್ಷಕರು ಅಭ್ಯರ್ಥಿಯ ಮಾತಿನಿಂದಲೇ ವಿಷಯವನ್ನು ಎತ್ತಿಕೊಂಡು, ಪ್ರಶ್ನೆಗಳನ್ನು ಹಂತಹಂತವಾಗಿ ಕಠಿನಗೊಳಿಸುತ್ತಾರೆ. ‘ನಿಮ್ಮ ಊರು ಯಾವುದು?’ ಎಂಬಲ್ಲಿಂದ ಪ್ರಾರಂಭವಾದುದು ‘ನಿಮ್ಮ ಊರಿನಲ್ಲಿ ಹತ್ತು ವರ್ಷಗಳಲ್ಲಿ ಆದ ಬದಲಾವಣೆಯನ್ನು ವಿವರಿಸಿ’ ಎಂಬಲ್ಲಿಗೆ ಏರುತ್ತದೆ. ಬಸ್ಸಿನಲ್ಲಿ ಚೀಲ ಮರೆತಂತೆ ನಟಿಸಿ, ಕಚೇರಿಯವರೊಡನೆ ಮಾತನಾಡುವಂತಹ ಸನ್ನಿವೇಶವನ್ನೂ ಕೊಡಬಹುದು. ಎಲ್ಲಿಯವರೆಗೆ ಮಾತು ಸಲೀಸಾಗಿ ಸಾಗುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಗುರುತಿಸುವುದೇ ಪರೀಕ್ಷೆಯ ಗುರಿ. ಸಂಭಾಷಣೆಯನ್ನು ಧ್ವನಿಮುದ್ರಿಸಿ ಇನ್ನೊಬ್ಬ ಪರೀಕ್ಷಕರೂ ಸ್ವತಂತ್ರವಾಗಿ ಅಳೆಯುವುದರಿಂದ ಒಬ್ಬರ ಅಭಿಪ್ರಾಯವೇ ಅಂತಿಮವಾಗುವುದಿಲ್ಲ. ಬರವಣಿಗೆಗೆ ಇದೇ ಮಾದರಿಯ ಬೇರೊಂದು ಪರೀಕ್ಷೆಯಿದೆ.

ಅಧ್ಯಾಪಕರ ತರಬೇತಿಗಾಗಿ ಮಂಡಳಿಯು ರೂಪಿಸಿದ ಮಾನದಂಡದಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮುಂತಾದ ಭಾಷೆಗಳಿಗೆ ಉನ್ನತ ಹಂತದ ಕೆಳ ಮೆಟ್ಟಿಲನ್ನು ಕನಿಷ್ಠ ಮಿತಿಯಾಗಿ ಇರಿಸಲಾಗಿದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಕಲಿಯಲು ಹೆಚ್ಚು ಕಾಲ ಹಿಡಿಯುವ ಅರೇಬಿಕ್, ಚೀನೀ, ಜಪಾನೀ, ಕೊರಿಯನ್ ಭಾಷೆಗಳಿಗೆ ಮಧ್ಯಮ ಹಂತದ ಮೇಲು ಮೆಟ್ಟಿಲು ಸಾಕು. ಈ ಮಿತಿ ಸುಲಭದ್ದೇನೂ ಅಲ್ಲ. 2006ರಿಂದ 2012ರವರೆಗೆ ಈ ಮೌಖಿಕ ಪರೀಕ್ಷೆ ತೆಗೆದುಕೊಂಡ ಅಧ್ಯಾಪಕ ಅಭ್ಯರ್ಥಿಗಳ ಫಲಿತಾಂಶವನ್ನು ಅಧ್ಯಯನ ಮಾಡಿದಾಗ, ಉನ್ನತ ಹಂತವನ್ನು ಮುಟ್ಟಿದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ ಎಂದು ಕಂಡುಬಂದಿತು. ಭಾಷೆಯಲ್ಲಿ ಪದವಿ ಇರುವುದೂ ಭಾಷೆಯನ್ನು ನಿರರ್ಗಳವಾಗಿ ಆಡುವುದೂ ಒಂದೇ ಅಲ್ಲವೆಂಬುದು ಅಲ್ಲಿ ಹೀಗೆ ಅಂಕಿಗಳಲ್ಲಿ ಸಿದ್ಧವಾಯಿತು.

ಎರಡನೆಯ ಅಳತೆ: ಕಲಿಸುವ ಕ್ರಮ

ಭಾಷೆ ಚೆನ್ನಾಗಿ ಬಂದ ಮಾತ್ರಕ್ಕೆ ಪರವಾನಗಿ ದೊರೆಯದು. ಸ್ಪೇನಿನಲ್ಲಿ ಹುಟ್ಟಿ ಬೆಳೆದವರೂ ಭಾಷೆಯನ್ನು ಕಲಿಸುವ ವಿಧಾನವನ್ನು ಅಧ್ಯಯನ ಮಾಡಬೇಕು. ಮಾತೃಭಾಷೆಯವರಿಗೆ ಒಂದು ತೊಡಕು ಹೆಚ್ಚೇ ಇರುತ್ತದೆ: ತಾವು ಪ್ರಯತ್ನವಿಲ್ಲದೆ ಕಲಿತುದು ಇನ್ನೊಬ್ಬರಿಗೆ ಏಕೆ ಕಷ್ಟವೆಂಬುದು ಅವರಿಗೆ ಬೇಗ ಹೊಳೆಯದು.

ಈ ಅಧ್ಯಯನದ ಮೊದಲ ಭಾಗ, ಎರಡನೆಯ ಭಾಷೆಯನ್ನು ಮನಸ್ಸು ಹೇಗೆ ಗಳಿಸಿಕೊಳ್ಳುತ್ತದೆ ಎಂಬುದು. ಕಲಿಯುವವರ ಮಟ್ಟಕ್ಕಿಂತ ಸ್ವಲ್ಪವೇ ಮೇಲಿನ, ಆದರೆ ಅರ್ಥವಾಗುವ ಭಾಷೆ ಧಾರಾಳವಾಗಿ ಕಿವಿಗೆ ಬೀಳಬೇಕೆಂಬ ಸ್ಟೀಫನ್ ಕ್ರ್ಯಾಶನ್ ಅವರ ವಾದವನ್ನು ತರಬೇತಿಯಲ್ಲಿ ಓದುತ್ತಾರೆ. ಕೇಳಿದರಷ್ಟೇ ಸಾಲದೆಂಬ ಮೆರಿಲ್ ಸ್ವೇನ್ ಅವರ ವಾದವನ್ನೂ ಓದುತ್ತಾರೆ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ಎಲ್ಲವನ್ನೂ ಅರ್ಥಮಾಡಿಕೊಳ್ಳಬಲ್ಲವರಾದರೂ ಆಡುವುದರಲ್ಲಿ, ಬರೆಯುವುದರಲ್ಲಿ ಹಿಂದೆ ಉಳಿದುದನ್ನು ಸ್ವೇನ್ ಗುರುತಿಸಿದರು. ತಾವೇ ವಾಕ್ಯ ಕಟ್ಟಬೇಕಾದ ಒತ್ತಾಯ ಅವರಿಗೆ ಸಾಕಷ್ಟು ಇರಲಿಲ್ಲವೆಂಬುದು ಅವರ ವಿವರಣೆ. ತರಗತಿಯಲ್ಲಿ ಅಧ್ಯಾಪಕರೇ ಮಾತನಾಡಿ ಮಕ್ಕಳು ‘ಹೌದು’, ‘ಅಲ್ಲ’ ಎಂದಷ್ಟೇ ಹೇಳುವ ಪದ್ಧತಿ ಎಲ್ಲಿದ್ದರೂ ಈ ಮಾತು ಅಲ್ಲಿಗೆ ಅನ್ವಯಿಸುತ್ತದೆ.

ಎರಡನೆಯ ಭಾಗ ಪಠ್ಯಕ್ರಮದ ಮಾನದಂಡಗಳಿಗೆ ಸಂಬಂಧಿಸಿದುದು. 1996ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡಗಳು ಭಾಷಾಕಲಿಕೆಗೆ ಐದು ಗುರಿಗಳನ್ನು ಇಟ್ಟವು: ಸಂವಹನ, ಸಂಸ್ಕೃತಿ, ಇತರ ವಿಷಯಗಳೊಡನೆ ಸಂಬಂಧ, ಹೋಲಿಕೆ, ಸಮುದಾಯ. ಇವುಗಳಲ್ಲಿ ‘ಹೋಲಿಕೆ’ ಎಂಬುದು ಗಡಿನಾಡಿನ ತರಗತಿಗೆ ತಾನಾಗಿ ಒದಗಿ ಬರುವಂತಹದು. ತಮಿಳು, ಮಲಯಾಳಗಳ ‘ಪಾಲ್’, ತೆಲುಗಿನ ‘ಪಾಲು’ ಕನ್ನಡದಲ್ಲಿ ‘ಹಾಲು’ ಆಗಿದೆಯೆಂಬುದನ್ನು ಹೊಸೂರಿನ, ಕಾಸರಗೋಡಿನ, ಮಡಕಶಿರದ ಮಕ್ಕಳು ತಾವೇ ಕಂಡುಕೊಳ್ಳಬಲ್ಲರು. ಇಂತಹ ಇನ್ನಷ್ಟು ಪದಗಳನ್ನು ಪಟ್ಟಿಮಾಡಿದರೆ ಒಂದು ಭಾಷಾನಿಯಮವೇ ಅವರ ಕೈಗೆ ಸಿಗುತ್ತದೆ. ರಾಜ್ಯಭಾಷೆಯು ಕನ್ನಡ ತರಗತಿಗೆ ಅಡ್ಡಿಯೆಂದು ಭಾವಿಸುವ ಬದಲು ಅದನ್ನು ಸಾಧನವಾಗಿ ಬಳಸುವ ದಾರಿ ಇದು.

ಸಂವಹನವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಕೇಳಿದುದನ್ನು ಓದಿದುದನ್ನು ಅರ್ಥೈಸುವುದು, ಇಬ್ಬರು ಪರಸ್ಪರ ಮಾತನಾಡುವುದು, ಸಿದ್ಧತೆ ಮಾಡಿಕೊಂಡು ಇತರರ ಮುಂದೆ ಮಂಡಿಸುವುದು. ಅಧ್ಯಾಪಕ ಅಭ್ಯರ್ಥಿಯು ಪ್ರತಿ ಘಟಕವನ್ನೂ ಈ ಮೂರಕ್ಕೂ ಅವಕಾಶವಿರುವಂತೆ ಯೋಜಿಸಬೇಕು. ಉದಾಹರಣೆಗೆ, ಆಹಾರದ ಕುರಿತ ಸ್ಪ್ಯಾನಿಷ್ ಘಟಕದಲ್ಲಿ ಮಕ್ಕಳು ಮೆಕ್ಸಿಕೋದ ಒಂದು ಉಪಾಹಾರಗೃಹದ ತಿನಿಸುಪಟ್ಟಿ ಓದುತ್ತಾರೆ. ಇಬ್ಬಿಬ್ಬರು ಸೇರಿ, ಇರುವ ಹಣದಲ್ಲಿ ಏನನ್ನು ಕೊಳ್ಳಬಹುದೆಂದು ಚರ್ಚಿಸುತ್ತಾರೆ. ಕೊನೆಯಲ್ಲಿ ತಮ್ಮ ಮನೆಯ ಒಂದು ತಿಂಡಿಯನ್ನು ತರಗತಿಗೆ ಪರಿಚಯಿಸುತ್ತಾರೆ. ಈ ಮೂರನೆಯ ಕೆಲಸವನ್ನು ಅಧ್ಯಾಪಕರು ಮೊದಲೇ ನಿರ್ಧರಿಸಿಕೊಂಡು, ಅದಕ್ಕೆ ಬೇಕಾದ ಪದ, ವಾಕ್ಯರಚನೆಗಳನ್ನು ಹಿಂದಿನಿಂದ ಮುಂದಕ್ಕೆ ಜೋಡಿಸುತ್ತಾರೆ. ಗುರಿಯನ್ನೂ ಮೌಲ್ಯಮಾಪನವನ್ನೂ ನಿಶ್ಚಯಿಸಿದ ಬಳಿಕವೇ ಪಾಠವನ್ನು ಯೋಜಿಸುವ ಈ ಕ್ರಮವನ್ನು ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ ಅವರು 1998ರ ತಮ್ಮ ಗ್ರಂಥದಲ್ಲಿ ವ್ಯವಸ್ಥಿತವಾಗಿ ಪ್ರತಿಪಾದಿಸಿದರು.

ವ್ಯಾಕರಣವನ್ನು ಬಿಟ್ಟುಬಿಡುವುದಿಲ್ಲ; ಅದರ ಸ್ಥಾನ ಬದಲಾಗುತ್ತದೆ. ಮೊದಲು ಒಂದು ಇಡೀ ಕಥೆಯನ್ನು ಹೇಳುವುದು, ಬಳಿಕ ಅದರಲ್ಲಿನ ಒಂದು ರೂಪದತ್ತ ಗಮನ ಸೆಳೆಯುವುದು, ಮಕ್ಕಳೊಡನೆ ಸೇರಿ ನಿಯಮವನ್ನು ಕಂಡುಕೊಳ್ಳುವುದು, ಕೊನೆಯಲ್ಲಿ ಹೊಸ ಸಂದರ್ಭದಲ್ಲಿ ಬಳಸುವುದು ಎಂಬ ನಾಲ್ಕು ಮೆಟ್ಟಿಲುಗಳ ಮಾದರಿಯನ್ನು ಅಲ್ಲಿ ವ್ಯಾಪಕವಾಗಿ ಕಲಿಸುತ್ತಾರೆ. ಕನ್ನಡದ ಭೂತಕಾಲಕ್ಕೂ ಇದು ಹೊಂದುತ್ತದೆ. ಕಥೆಯಲ್ಲಿ ಬಂದ ‘ಓದಿದ’, ‘ಹಾಡಿದ’ ಒಂದು ಗುಂಪು. ‘ಬಂದ’, ‘ತಂದ’ ಇನ್ನೊಂದು ಗುಂಪು ಎಂದು ಮಕ್ಕಳೇ ವಿಂಗಡಿಸಿದ ಮೇಲೆ ನಿಯಮ ಹೇಳಿದರೆ ಅದು ಅವರದೇ ಶೋಧವಾಗುತ್ತದೆ.

ತರಗತಿಯ ಕಾಲದಲ್ಲಿ ಶೇಕಡ 90ರಷ್ಟಾದರೂ ಕಲಿಯುವ ಭಾಷೆಯನ್ನೇ ಬಳಸಬೇಕೆಂದು ಮಂಡಳಿಯು 2010ರಲ್ಲಿ ಶಿಫಾರಸು ಮಾಡಿತು. ಚಿತ್ರ, ಅಭಿನಯ, ವಸ್ತು, ಸರಳವಾದ ಪುನರುಕ್ತಿ ಇವುಗಳ ನೆರವಿನಿಂದ ಅರ್ಥವನ್ನು ದಾಟಿಸುವ ಕೌಶಲವನ್ನು ತರಬೇತಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ.

ಮೂರನೆಯ ಅಳತೆ: ತರಗತಿಯ ಅಭ್ಯಾಸ

ಮೆಸಾಚುಸೆಟ್ಸ್ ರಾಜ್ಯದಲ್ಲಿ ಪರವಾನಗಿಗೆ ಮುನ್ನ ಕನಿಷ್ಠ 300 ಗಂಟೆಗಳ ಬೋಧನಾಭ್ಯಾಸ ಬೇಕು; ಅದರಲ್ಲಿ ಕನಿಷ್ಠ 100 ಗಂಟೆ ತರಗತಿಯ ಸಂಪೂರ್ಣ ಹೊಣೆ ಅಭ್ಯರ್ಥಿಯದೇ. ಮಾರ್ಗದರ್ಶನ ಮಾಡುವ ಶಾಲಾ ಅಧ್ಯಾಪಕರಿಗೂ ಅರ್ಹತೆಯನ್ನು ಗೊತ್ತುಪಡಿಸಲಾಗಿದೆ: ಅವರು ತಕ್ಕ ಪರವಾನಗಿಯ ಮೇಲೆ ಕನಿಷ್ಠ ಮೂರು ವರ್ಷ ಕಲಿಸಿರಬೇಕು, ಅವರ ಕೆಲಸ ಸಮರ್ಪಕವೆಂದು ಮೌಲ್ಯಮಾಪನದಲ್ಲಿ ಸಾಬೀತಾಗಿರಬೇಕು. ಶಾಲೆಯ ಈ ಮಾರ್ಗದರ್ಶಕರೂ ವಿಶ್ವವಿದ್ಯಾಲಯದ ಮೇಲ್ವಿಚಾರಕರೂ ತರಗತಿಯಲ್ಲಿ ಕುಳಿತು ನೋಡುತ್ತಾರೆ; ಕಂಡುದನ್ನು ದಾಖಲಿಸಿ ಅಭ್ಯರ್ಥಿಯೊಡನೆ ಚರ್ಚಿಸುತ್ತಾರೆ.

2013ರಿಂದ ಹಲವು ರಾಜ್ಯಗಳು ಇನ್ನೊಂದು ಮೆಟ್ಟಿಲನ್ನು ಸೇರಿಸಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಎಡ್‌ಟಿಪಿಎ’ ಎಂಬ ಮೌಲ್ಯಮಾಪನದಲ್ಲಿ ಅಭ್ಯರ್ಥಿಯು ತನ್ನ ಪಾಠಯೋಜನೆ, ಬೋಧನೆಯ ವಿಡಿಯೊ, ಮಕ್ಕಳ ಬರಹದ ವಿಶ್ಲೇಷಣೆ ಇವುಗಳನ್ನು ಹೊರಗಿನ ಪರೀಕ್ಷಕರಿಗೆ ಕಳುಹಿಸಬೇಕಿತ್ತು. ವಿಶ್ವಭಾಷೆಗಳಿಗೆ 13 ಅಂಶಗಳ ಅಳತೆಪಟ್ಟಿ ಇತ್ತು. ಆದರೆ ಅದರ ವೆಚ್ಚ ಹೆಚ್ಚೆಂದೂ, ಅಧ್ಯಾಪಕರ ಕೊರತೆಯಿರುವಾಗ ಇದು ಇನ್ನೊಂದು ಅಡ್ಡಗೋಡೆಯೆಂದೂ ಟೀಕೆಗಳು ಬಂದವು. 2022ರಲ್ಲಿ ನ್ಯೂಯಾರ್ಕ್ ರಾಜ್ಯವು ಅದನ್ನು ಕೈಬಿಟ್ಟಿತು. ಜಾರ್ಜಿಯ, ವಾಷಿಂಗ್ಟನ್, ನ್ಯೂಜೆರ್ಸಿಗಳೂ ಕೈಬಿಟ್ಟವು. ಅಳತೆಯೆಂಬುದು ಅಧ್ಯಾಪಕರನ್ನು ಬೆಳೆಸಬೇಕೇ ಹೊರತು ಒಳ್ಳೆಯವರನ್ನು ದೂರವಿಡಬಾರದೆಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ಹಲವು ರಾಜ್ಯಗಳಲ್ಲಿ ವಿಶ್ವಭಾಷಾ ಅಧ್ಯಾಪಕರ ಕೊರತೆ ಇರುವುದರಿಂದ ತಾತ್ಕಾಲಿಕ ಪರವಾನಗಿಗಳನ್ನೂ ನೀಡಲಾಗುತ್ತಿದೆ. ಆದುದರಿಂದ ಅಲ್ಲಿನ ಪದ್ಧತಿಯನ್ನು ದೋಷರಹಿತವೆಂದು ಭಾವಿಸಬೇಕಾಗಿಲ್ಲ.

ಮನೆಮಾತನ್ನು ಹೊತ್ತು ತರುವ ಮಕ್ಕಳು

ಈ ತರಬೇತಿಯಲ್ಲಿ ಇತ್ತೀಚಿನ ದಶಕಗಳಲ್ಲಿ ಮಹತ್ವ ಪಡೆದ ಒಂದು ವಿಷಯವೆಂದರೆ ಮನೆಮಾತಿನ ಪರಂಪರೆಯುಳ್ಳ ಮಕ್ಕಳ ಕಲಿಕೆ. ಗ್ವಾಡಲೂಪೆ ವಾಲ್ಡೆಸ್ ಮುಂತಾದ ವಿದ್ವಾಂಸರು ಇದರ ಮೇಲೆ ಬೆಳಕು ಚೆಲ್ಲಿದರು. ಮನೆಯಲ್ಲಿ ಸ್ಪ್ಯಾನಿಷ್ ಕೇಳಿ ಬೆಳೆದ ಮಗು ಅಜ್ಜಿಯೊಡನೆ ಸರಾಗವಾಗಿ ಮಾತನಾಡುತ್ತದೆ. ಆದರೆ ಓದು ಬರಹವನ್ನು ಇಂಗ್ಲಿಷ್‌ನಲ್ಲಿ ಮಾತ್ರ ಕಲಿತಿರುತ್ತದೆ. ಹೊಸದಾಗಿ ಭಾಷೆ ಕಲಿಯುವ ಮಗುವಿನ ಪಕ್ಕದಲ್ಲಿ ಅದನ್ನು ಕೂರಿಸಿ ವ್ಯಾಕರಣದ ಪಾರಿಭಾಷಿಕ ಪದಗಳನ್ನು ಕೇಳಿದರೆ ಅದು ಹಿಂದೆ ಬೀಳುತ್ತದೆ. ‘ನಿನ್ನ ಸ್ಪ್ಯಾನಿಷ್ ತಪ್ಪು’ ಎಂದು ಅಧ್ಯಾಪಕರು ಹೇಳಿದರೆ, ತನ್ನ ಮನೆಯವರ ಮಾತೇ ತಪ್ಪೆಂದು ಮಗು ತಿಳಿಯುತ್ತದೆ. ಮನೆಯ ರೂಪವನ್ನು ಅಳಿಸದೆ ಅದಕ್ಕೆ ಶಿಷ್ಟ ರೂಪವನ್ನು ಸೇರಿಸಬೇಕು, ಎರಡನ್ನೂ ಯಾವ ಸಂದರ್ಭದಲ್ಲಿ ಬಳಸಬೇಕೆಂಬ ವಿವೇಕವನ್ನು ಬೆಳೆಸಬೇಕು ಎಂಬುದು ಇಂದಿನ ತರಬೇತಿಯ ನಿಲುವು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಇಂತಹವರೇ. ಅಲ್ಲಿನ ಕನ್ನಡ ಕೂಟಗಳು ವಾರಾಂತ್ಯದಲ್ಲಿ ನಡೆಸುವ ಕನ್ನಡ ಶಾಲೆಗಳಲ್ಲಿ ಹೆಚ್ಚಾಗಿ ಹೆತ್ತವರೇ ಸ್ವಯಂಸೇವಕರಾಗಿ ಕಲಿಸುತ್ತಾರೆ. ಸರ್ಕಾರಿ ಶಾಲೆಯ ಪರವಾನಗಿಯ ನಿಯಮ ಅವರಿಗೆ ಅನ್ವಯಿಸುವುದಿಲ್ಲ.

ಗಡಿನಾಡಿನ ತರಗತಿಯಲ್ಲಿ ಇದು ದಿನನಿತ್ಯದ ಅನುಭವ. ಅಕ್ಕಲಕೋಟೆಯ ಮಗು ‘ಸಾಲಿಗಿ ಹೊಂಟೀನಿ’ ಎನ್ನುತ್ತದೆ. ಕಾಸರಗೋಡಿನ ಹವ್ಯಕ ಮನೆಯ ಮಗುವಿಗೆ ತಾಯಿ ‘ಅಬ್ಬೆ’. ಅದರ ಪಕ್ಕದಲ್ಲಿ ಕುಳಿತ ತುಳು ಮನೆಯ ಮಗುವಿಗೆ ‘ಅಪ್ಪೆ’. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಒಬ್ಬರಿಗೆ ಹತ್ತಿರ, ಇನ್ನೊಬ್ಬರಿಗೆ ದೂರ. ಎಲ್ಲರನ್ನೂ ‘ಕನ್ನಡ ಬಲ್ಲವರು’ ಎಂಬ ಒಂದೇ ಗುಂಪಿಗೆ ಸೇರಿಸಿದರೆ ಕೆಲವರು ಮೊದಲ ತಿಂಗಳಲ್ಲೇ ಮೌನವಾಗುತ್ತಾರೆ.

ಭಾರತದ ವ್ಯವಸ್ಥೆಯಲ್ಲಿ ಇರುವುದು, ಇಲ್ಲದಿರುವುದು

ಭಾರತದಲ್ಲಿ ಅಧ್ಯಾಪಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಎಡ್. ಎರಡು ವರ್ಷದ್ದಾಯಿತು, ಅದರಲ್ಲಿ 20 ವಾರಗಳ ಶಾಲಾ ಅನುಭವ ಸೇರಿತು. ಬೋಧನಾಭ್ಯಾಸದ ಅವಧಿಯಲ್ಲಿ ಇದು ಅಮೆರಿಕದ ಪದ್ಧತಿಗಿಂತ ಹಿಂದುಳಿದುದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅಡಿಯಲ್ಲಿ 1ರಿಂದ 8ನೆಯ ತರಗತಿಯ ಅಧ್ಯಾಪಕರಿಗೆ ಅರ್ಹತಾ ಪರೀಕ್ಷೆ ಬಂದಿತು. ಅದರ ಮಾದರಿಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳಿವೆ. ಮೊದಲ ಭಾಷೆಗೆ 30, ಎರಡನೆಯ ಭಾಷೆಗೆ 30 ಅಂಕ. ಕೇರಳದ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಲು ಅವಕಾಶವಿದೆ.

ಇಲ್ಲದಿರುವುದು ಬಾಯಿಮಾತಿನ ಅಳತೆ. ಬಹು ಆಯ್ಕೆಯ ಪ್ರಶ್ನೆಗೆ ಗುರುತು ಹಾಕಬಲ್ಲವರು ಕನ್ನಡದಲ್ಲಿ ಒಂದು ಪ್ರಯೋಗವನ್ನು ವಿವರಿಸಬಲ್ಲರೇ, ಮಗುವಿನ ಅನಿರೀಕ್ಷಿತ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರಿಸಬಲ್ಲರೇ ಎಂಬುದು ಆ ಪರೀಕ್ಷೆಯಿಂದ ತಿಳಿಯದು. ಭಾಷಾ ಅಧ್ಯಾಪಕರಿಗಿಂತಲೂ ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳನ್ನು ಕನ್ನಡ ಮಾಧ್ಯಮದಲ್ಲಿ ಕಲಿಸುವವರ ವಿಷಯದಲ್ಲಿ ಈ ಕೊರತೆ ಹೆಚ್ಚು ಗಂಭೀರ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ತಕ್ಕ ಸೌಲಭ್ಯ ಕಲ್ಪಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸಿದೆ. ಕಟ್ಟಡವೂ ಪಠ್ಯಪುಸ್ತಕವೂ ಇದ್ದು, ಆ ಭಾಷೆಯನ್ನಾಡುವ ಅಧ್ಯಾಪಕರು ಇಲ್ಲದಿದ್ದರೆ ಆ ಸೌಲಭ್ಯ ಅಪೂರ್ಣ.

ಅಳೆಯುವುದು ಅಸಾಧ್ಯವೆಂಬ ಮಾತು ನಿಲ್ಲದು. 20 ನಿಮಿಷಗಳ ಸಂಭಾಷಣೆ, ಅದರ ಧ್ವನಿಮುದ್ರಣ, ಸ್ವತಂತ್ರವಾಗಿ ಅಳೆಯುವ ಇಬ್ಬರು ಪರೀಕ್ಷಕರು: ಇಷ್ಟಕ್ಕೆ ದೊಡ್ಡ ವೆಚ್ಚವೂ ಬೇಡ. ಅಭ್ಯರ್ಥಿಯ ಮಾತೃಭಾಷೆ ಯಾವುದೆಂದು ಇದು ಕೇಳುವುದಿಲ್ಲ. ಮಲಯಾಳ ಅಥವಾ ಮರಾಠಿ ಮನೆಮಾತಿನವರು ಚೆನ್ನಾಗಿ ಕನ್ನಡ ಕಲಿತು ಬಂದರೆ ಅವರಿಗೂ ಇದೇ ದಾರಿ ತೆರೆದಿರುತ್ತದೆ.

ಅಧ್ಯಾಪಕರು ತಾವೇ ಕೈಗೊಳ್ಳಬಹುದಾದ ಕಾರ್ಯಗಳು

ನಿಯಮಗಳು ಬದಲಾಗುವವರೆಗೆ ಕಾಯದೆ, ಈ ತರಬೇತಿಯ ಕೆಲವು ಅಂಶಗಳನ್ನು ಈಗಿರುವ ತರಗತಿಯಲ್ಲಿಯೇ ಅಳವಡಿಸಿಕೊಳ್ಳಬಹುದು.

1. ಶಾಲಾವರ್ಷದ ಪ್ರಾರಂಭದಲ್ಲಿ ಪ್ರತಿ ಮಗುವಿನೊಡನೆ ಐದು ನಿಮಿಷ ಕನ್ನಡದಲ್ಲಿ ಮಾತನಾಡುವುದು. ಮನೆಮಾತು ಯಾವುದು, ಪದಗಳಲ್ಲಿ ಉತ್ತರಿಸುತ್ತದೆಯೇ, ವಾಕ್ಯಗಳಲ್ಲಿಯೇ, ನಡೆದ ಘಟನೆಯೊಂದನ್ನು ಹೇಳಬಲ್ಲದೇ ಎಂಬುದನ್ನು ಬರೆದಿಟ್ಟುಕೊಳ್ಳುವುದು. ವರ್ಷಾಂತ್ಯದಲ್ಲಿ ಇದೇ ಸಂಭಾಷಣೆಯನ್ನು ಪುನಃ ನಡೆಸಿದರೆ ಪ್ರಗತಿ ಸ್ಪಷ್ಟವಾಗುತ್ತದೆ.

2. ತಿಂಗಳಿಗೊಮ್ಮೆ ಹತ್ತು ನಿಮಿಷದ ತಮ್ಮ ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳುವುದು. ಅಧ್ಯಾಪಕರು ಎಷ್ಟು ಕಾಲ ಮಾತನಾಡಿದರು, ಮಕ್ಕಳು ಎಷ್ಟು ಪೂರ್ಣ ವಾಕ್ಯಗಳನ್ನು ಆಡಿದರು ಎಂಬುದನ್ನು ಎಣಿಸುವುದು.

3. ಪ್ರತಿ ಘಟಕದ ಕೊನೆಯಲ್ಲಿ ಮಗು ಕನ್ನಡದಿಂದ ಮಾಡಬೇಕಾದ ಒಂದು ಕೆಲಸವನ್ನು ಮೊದಲೇ ನಿಶ್ಚಯಿಸಿ, ಪಾಠವನ್ನು ಅದಕ್ಕೆ ತಕ್ಕಂತೆ ಜೋಡಿಸುವುದು.

4. ಒಂದೇ ಕ್ಲಸ್ಟರಿನ ಇಬ್ಬರು ಅಧ್ಯಾಪಕರು ವರ್ಷಕ್ಕೆ ಎರಡು ಬಾರಿ ಪರಸ್ಪರರ ತರಗತಿಯಲ್ಲಿ ಕುಳಿತು ನೋಡುವುದು. ಕಂಡುದನ್ನು ಅಧಿಕಾರಿಗಳಿಗೆ ವರದಿಯಾಗಿ ಕಳುಹಿಸದೆ ತಮ್ಮೊಳಗೇ ಚರ್ಚಿಸುವುದು.

5. ಕನ್ನಡ ಮಾಧ್ಯಮದ ಎಲ್ಲ ವಿಷಯಗಳ ನೇಮಕದಲ್ಲಿಯೂ ಮೌಖಿಕ ಭಾಷಾ ಪರೀಕ್ಷೆ ಇರಬೇಕೆಂಬ ಬೇಡಿಕೆಯನ್ನು ಅಧ್ಯಾಪಕರ ಸಂಘ ಮತ್ತು ಹೆತ್ತವರ ಸಮಿತಿಗಳ ಮೂಲಕ ಲಿಖಿತವಾಗಿ ಮಂಡಿಸುವುದು. ಯಾವ ಹಂತದ ಪ್ರಾವೀಣ್ಯ ಬೇಕು, ಅದನ್ನು ಹೇಗೆ ಅಳೆಯಬೇಕು ಎಂಬುದನ್ನು ಬೇಡಿಕೆಯಲ್ಲಿಯೇ ವಿವರಿಸಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಚರ್ಚೆಗೆ

• ತಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಗಣಿತ ಅಥವಾ ವಿಜ್ಞಾನ ಕಲಿಸುವವರಿಗೆ ಯಾವ ಹಂತದ ಕನ್ನಡ ಪ್ರಾವೀಣ್ಯ ಅವಶ್ಯ? ಅದನ್ನು ಪರೀಕ್ಷಿಸಲು ಯಾವ ಮೂರು ಪ್ರಶ್ನೆಗಳನ್ನು ಕೇಳಬಹುದು?

• ತರಗತಿಯ ಮಕ್ಕಳ ಮನೆಮಾತುಗಳು ಎಷ್ಟು? ಅವುಗಳಿಂದ ಕನ್ನಡ ಪಾಠಕ್ಕೆ ಒದಗುವ ಐದು ಹೋಲಿಕೆಗಳನ್ನು ಪಟ್ಟಿಮಾಡುವುದು.